ಏಳದೆ ಉಂಡ ಊಟ

ಚಾಮರಾಜಪೇಟೆಯ ಯಮುನಾ ಬಿಸಿ ಅನ್ನ ಉಂಡು ಎಷ್ಟು ಕಾಲವಾಗಿತ್ತೆಂದರೆ, ಅನ್ನದಿಂದ ಹಬೆ ಏಳುತ್ತದೆ ಎಂಬುದನ್ನು ಬೇರೆಯವರ ತಟ್ಟೆ ನೋಡಿಯೇ ನೆನಪು ಮಾಡಿಕೊಳ್ಳಬೇಕಾಗಿತ್ತು. ಮನೆಯಲ್ಲಿ ಅಕ್ಕಿಗೆ ಕೊರತೆಯಿರಲಿಲ್ಲ, ಗ್ಯಾಸಿಗೂ ಕೊರತೆಯಿರಲಿಲ್ಲ. ಕೂರುವುದಕ್ಕೆ ಮಾತ್ರ ಪುರುಸೊತ್ತಿರಲಿಲ್ಲ. ಅವಳು ತಟ್ಟೆ ಹಿಡಿದು ಕೂತಳೋ ಇಲ್ಲವೋ, ನಡುಮನೆಯಿಂದ ಅತ್ತೆ ಅಂಜಿನಮ್ಮನವರ ಧ್ವನಿ ಹೊರಡುತ್ತಿತ್ತು.

"ಯಾರಲ್ಲಿ?"

ಅಂಜಿನಮ್ಮನವರಿಗೆ ಎಂಬತ್ತು ದಾಟಿತ್ತು. ಡಾಕ್ಟರು ಡಿಮೆನ್ಷಿಯಾ ಅಂದಿದ್ದರು. ಮೊದಲು ವಾರ ತಿಥಿ ಮರೆತರು, ಆಮೇಲೆ ಮೊಮ್ಮಕ್ಕಳ ಹೆಸರು ಮರೆತರು, ಕೊನೆಗೆ ಯಮುನಾಳನ್ನೇ ಮರೆತರು. ಈಗ ಅವರ ಲೆಕ್ಕದಲ್ಲಿ ಅವಳು ಯಾರೋ ಅಡುಗೆಯವಳು, ಅದರಲ್ಲೂ ಕೈ ಅಷ್ಟು ಶುದ್ಧವಿಲ್ಲದವಳು. ಮಗನನ್ನು, ಅಂದರೆ ಯಮುನಾಳ ಗಂಡ ರವಿಕುಮಾರನನ್ನು, ಮಾತ್ರ ಮರೆಯಲಿಲ್ಲ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ, ಏಕೆಂದರೆ ಆತ ಮನೆಯಲ್ಲಿ ಇರುತ್ತಿರಲಿಲ್ಲ. ಸರ್ಕಾರಿ ನೌಕರಿಯಲ್ಲಿದ್ದಷ್ಟು ದಿನ ಬಸ್‌ ಸ್ಟಾಪಿನವರೆಗೆ ನಡೆಯಲೂ ಗೊಣಗುತ್ತಿದ್ದ ಪುಣ್ಯಾತ್ಮ, ರಿಟೈರಾದ ಮೇಲೆ ವಾಕಿಂಗ್ ಹುಚ್ಚು ಹಿಡಿಸಿಕೊಂಡಿದ್ದ. ಅಮ್ಮ ಕೂಗಿದರೆ ಸಾಕು, ಅವನಿಗೆ ಶೂ ನೆನಪಾಗುತ್ತಿತ್ತು.

ಅಂಜಿನಮ್ಮನವರು ಸಾಮಾನ್ಯ ಹೆಂಗಸಲ್ಲ. ಒಂದು ಕಾಲದಲ್ಲಿ ನೆಂಟರಿಷ್ಟರ ಯಾವ ಮದುವೆಯಾದರೂ ಉಗ್ರಾಣದ ಉಸ್ತುವಾರಿ ಅವರದೇ. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ತುಂಬಿಟ್ಟ ಕೋಣೆಯ ಬೀಗದ ಕೈ ಅವರ ಸೊಂಟದಲ್ಲಿ ಇರುತ್ತಿತ್ತು, ಅವರ ಅಪ್ಪಣೆ ಇಲ್ಲದೆ ಅಡುಗೆಮನೆಗೆ ಒಂದು ಹಿಡಿ ಗೋಡಂಬಿಯೂ ದಾಟುತ್ತಿರಲಿಲ್ಲ. ಬಡಿಸುವವರಿಗೆ, ಪಾತ್ರೆ ತೊಳೆಯುವವರಿಗೆ, ವಾಲಗದವರಿಗೆ ಎಲ್ಲರಿಗೂ ಊಟ ಆಯಿತೇ ಎಂದು ಕರೆದು ಕೇಳುತ್ತಿದ್ದರು. ಸೊಸೆಯನ್ನು ಮಾತ್ರ ಕೇಳುತ್ತಿರಲಿಲ್ಲ. ಸೊಸೆ ಮನೆಯವಳು, ಮನೆಯವಳದ್ದು ಕೊನೆಯ ಪಂಕ್ತಿ. ಹಪ್ಪಳ ಮುಗಿದು, ಹುಳಿ ಪಾತ್ರೆಯ ತಳ ಕಾಣಿಸಿದ ಮೇಲೆ ಯಮುನಾಳ ಎಲೆ ಬೀಳುತ್ತಿತ್ತು. ಮದುವೆಯಾಗಿ ಬಂದ ದಿನದಿಂದ "ಊಟ ಆಯ್ತಾ?" ಎಂಬ ಎರಡು ಮಾತು ಅತ್ತೆಯ ಬಾಯಿಂದ ಅವಳ ಕಡೆಗೆ ಬಂದದ್ದಿಲ್ಲ. ಯಮುನಾ ಅದನ್ನು ಮರೆತಿರಲಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ನೆನಪಿನ ಶಕ್ತಿ ಇರಬೇಕಲ್ಲ.

ಮರೆವಿನ ಹಿರಿಯರಿರುವ ಇಂಥ ಮನೆಗಳವರಿಗೆಂದೇ ಹತ್ತಿರದ ಸಮುದಾಯ ಭವನದ ಮಹಡಿಯಲ್ಲಿ ಒಂದು ಕೂಟ ಸೇರುತ್ತಿತ್ತು. ಕೂಟ ನಡೆಸುತ್ತಿದ್ದವಳು ಕುಮಾರ ಪಾರ್ಕಿನ ತನ್ಮಯಿ, ಈಗಷ್ಟೇ ಓದು ಮುಗಿಸಿದ್ದ ಒಳ್ಳೆಯ ಹುಡುಗಿ. ಮೊದಲ ದಿನವೇ ಅವಳು ಎಲ್ಲರಿಗೂ 'ಕೇರ್‌ಗಿವರ್' ಎಂಬ ಬಿರುದು ಕೊಟ್ಟಳು.

"ಸೊಸೆ ಅಂದ್ರೂ ಅದೇ ಕೆಲಸ, ಕೇರ್‌ಗಿವರ್ ಅಂದ್ರೂ ಅದೇ ಕೆಲಸ. ಸಂಬಳ ಎರಡಕ್ಕೂ ಇಲ್ಲ," ಎಂದಳು ಯಮುನಾ.

ಪಕ್ಕದಲ್ಲಿ ಕೂತಿದ್ದ ಓಬಳಪ್ಪನವರು ಮಾತ್ರ ನಕ್ಕರು. ಅವರದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ. ಮನೆಯಲ್ಲಿ ಹೆಂಡತಿಗೆ ಮಾತೇ ಮರೆತುಹೋಗಿತ್ತು. ಊರಿನವರ ಮದುವೆಗೆಲ್ಲ ಸಂಭ್ರಮದ ಮಾತು ಅಚ್ಚು ಹಾಕಿ ಮನೆಗೆ ಬಂದರೆ ಒಂದು ಮಾತೂ ಇಲ್ಲ ಎಂದು ಅವರೇ ಹೇಳಿಕೊಂಡು ಅವರೇ ಕಣ್ಣೊರೆಸಿಕೊಳ್ಳುತ್ತಿದ್ದರು.

ತನ್ಮಯಿ ಪರದೆಯ ಮೇಲೆ ಮೇಣದ ಬತ್ತಿಯ ಚಿತ್ರ ತೋರಿಸಿ, ನಮ್ಮನ್ನು ನಾವು ಪ್ರೀತಿಸಿಕೊಳ್ಳಬೇಕು, ವಾಸನೆಯ ಬತ್ತಿ ಹಚ್ಚಿ ದೀರ್ಘವಾಗಿ ಉಸಿರಾಡಬೇಕು ಎಂದಳು. ಯಮುನಾಳ ಮನೆಯಲ್ಲಿ ಕರೆಂಟು ಹೋದರೂ ಬತ್ತಿ ಹಚ್ಚುವಂತಿರಲಿಲ್ಲ. ಬೆಂಕಿ ಕಂಡರೆ ಅತ್ತೆ ಕೋಡುಬಳೆ ಕರಿಯಲು ಎದ್ದುಬಿಡುತ್ತಿದ್ದರು. ಆಮೇಲೆ ತನ್ಮಯಿ, ಎಲ್ಲರೂ ಒಂದೊಂದು ಆಸೆ ಹೇಳಿ ಅಂದಳು. ಒಬ್ಬರು ಕಾಶಿ ಅಂದರು, ಒಬ್ಬರು ನಿದ್ದೆ ಅಂದರು.

"ನಂಗೆ ಒಂದು ಊಟ ಬೇಕು," ಎಂದಳು ಯಮುನಾ. "ಬಿಸಿಯಾಗಿರ್ಬೇಕು. ಕೂತು ಉಣ್ಬೇಕು. ಮಧ್ಯದಲ್ಲಿ ಯಾರೂ ಕರೀಬಾರ್ದು."

ತಮಾಷೆಗೆಂದೇ ಶುರು ಮಾಡಿದ್ದಳು. ಕೊನೆಯ ಮಾತಿಗೆ ಬರುವಷ್ಟರಲ್ಲಿ ತಮಾಷೆ ಉಳಿದಿರಲಿಲ್ಲ, ತನ್ನ ಮೇಲೆ ತನಗೇ ಸಿಟ್ಟು ಬಂತು. ತನ್ಮಯಿ ಮೇಣದ ಬತ್ತಿಯ ಚಿತ್ರವನ್ನು ಆರಿಸಿದಳು.

ಅವತ್ತೇ ಕೂಟದವರು ಒಂದು ತೀರ್ಮಾನಕ್ಕೆ ಬಂದರು. ಭಾನುವಾರಕ್ಕೆ ಒಬ್ಬರಂತೆ ರಜ, ಅವರ ಮನೆಯ ಹಿರಿಯರನ್ನು ಉಳಿದವರು ನೋಡಿಕೊಳ್ಳುವುದು. ಮೊದಲ ಸರದಿ ಯಮುನಾಳಿಗೆ ಬಂತು. ಅದೇ ಭಾನುವಾರ ಬಸವನಗುಡಿಯ ಛತ್ರವೊಂದರಲ್ಲಿ ಅವಳ ಕಾಲೇಜು ಗೆಳತಿಯ ಮಗಳ ಮದುವೆಯಿತ್ತು. ಅಂಜಿನಮ್ಮನವರನ್ನು ನೋಡಿಕೊಳ್ಳಲು ತನ್ಮಯಿ ಮತ್ತು ಓಬಳಪ್ಪ ಬಂದರು. ರವಿಕುಮಾರ, ಬಂದವರಿಗೆ ಮನೆಯಲ್ಲಿ ಜಾಗ ಸಾಲದು ಎಂದು ಹೇಳಿ ವಾಕಿಂಗ್ ಹೋದ.

ಯಮುನಾ ಮುಹೂರ್ತ ನೋಡಿದಳು, ಅಕ್ಷತೆ ಹಾಕಿದಳು. ಆದರೆ ಅವಳ ಕಣ್ಣೆಲ್ಲ ಊಟದ ಹಾಲ್‌ನ ಬಾಗಿಲ ಮೇಲೆಯೇ ಇತ್ತು. ಬಾಗಿಲು ತೆರೆದಾಗ ಸಣ್ಣ ಹುಡುಗರನ್ನು ಹಿಂದೆ ಹಾಕಿ ಒಳಗೆ ನುಗ್ಗಿ ಮೊದಲ ಪಂಕ್ತಿಯಲ್ಲೇ ಜಾಗ ಹಿಡಿದಳು. ಉಪ್ಪು ಬಂತು, ಕೋಸಂಬರಿ ಬಂತು, ಪಲ್ಯ ಬಂತು, ಚಿತ್ರಾನ್ನ ಬಂತು. ಕೊನೆಗೆ ಅನ್ನ ಬಂತು, ಹಬೆಯಾಡುವ ಅನ್ನ, ಅದರ ಮೇಲೆ ತೊವ್ವೆ, ತೊವ್ವೆಯ ಮೇಲೆ ತುಪ್ಪ. ಅವಳು ಕಲಸಿದಳು. ಬೆರಳು ಚುರ್ರೆಂದಿತು, ಹಿತವಾಗಿತ್ತು. ಮೊದಲ ತುತ್ತು ಎತ್ತಿದಳು.

"ಯಾರಲ್ಲಿ?"

ಯಮುನಾ ಕಣ್ಣು ಮುಚ್ಚಿಕೊಂಡಳು. ಈ ಧ್ವನಿ ನನ್ನ ತಲೆಯೊಳಗೇ ಮನೆ ಮಾಡಿಕೊಂಡಿದೆ, ಮುಂದಿನ ಕೂಟದಲ್ಲಿ ತನ್ಮಯಿಗೆ ಹೇಳಬೇಕು ಅಂದುಕೊಂಡಳು.

"ಯಾರಲ್ಲಿ! ಹುಳಿಗೆ ಉಪ್ಪು ಹಾಕಿದ್ದು ಯಾರು?"

ಪಕ್ಕದ ಎಲೆಯವರೂ ತಿರುಗಿ ನೋಡಿದರು. ತಲೆಯೊಳಗಿನ ಧ್ವನಿ ಅವರಿಗೆ ಕೇಳಿಸುವ ಹಾಗಿರಲಿಲ್ಲ. ಯಮುನಾ ತುತ್ತನ್ನು ಎಲೆಗೆ ಇಳಿಸಿ ಎದ್ದಳು. ಈ ಮುದುಕಿ ಸತ್ತಾದರೂ ಹೋಗಬಾರದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಆ ಕ್ಷಣ ಅವಳಿಗೆ ನಾಚಿಕೆಯೂ ಆಗಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ತನ್ಮಯಿ ಅಳುಮುಖ ಮಾಡಿಕೊಂಡು ಸಿಕ್ಕಳು.

"ಆಂಟಿ, ಸಾರಿ ಆಂಟಿ. ಓಬಳಪ್ಪ ಸರ್ ಕಾರ್ಡ್ ಓದ್ಬಿಟ್ರು!"

ಆದದ್ದು ಇಷ್ಟು. ಟೀವಿ ಮುಂದೆ ಈ ಮದುವೆಯ ಲಗ್ನಪತ್ರಿಕೆ ಬಿದ್ದಿತ್ತು. ತಮ್ಮ ಅಂಗಡಿಯದೇ ಅಚ್ಚು ಕಂಡ ಓಬಳಪ್ಪನವರಿಗೆ ಹೆಮ್ಮೆ ತಡೆಯಲಾಗದೆ, ಶ್ರೀಕಾರದಿಂದ ಹಿಡಿದು ಆಪ್ತೇಷ್ಟರೊಡನೆ ಆಗಮಿಸಿ ಎಂಬಲ್ಲಿಯವರೆಗೆ ಗಟ್ಟಿಯಾಗಿ, ರಾಗವಾಗಿ ಓದಿದ್ದರು. ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಅಂಜಿನಮ್ಮನವರು ಎದ್ದು ನಿಂತು, ಮುಹೂರ್ತ ಹತ್ತಿರ ಬಂತು, ಉಗ್ರಾಣದ ಬೀಗ ಇನ್ನೂ ತೆಗೆದಿಲ್ಲ ಎಂದು ಗದರಿದರು. ರೇಷ್ಮೆ ಸೀರೆ ತೆಗೆಸಿದರು, ಹಳೆಯ ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು, ಆಟೋ ತಾ ಅಂದರು. ಆ ಧ್ವನಿಗೆ ಇಲ್ಲ ಎನ್ನುವುದನ್ನು ತನ್ಮಯಿಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಒಳಗೆ ಉಗ್ರಾಣದ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಅಂಜಿನಮ್ಮನವರು ಕೂತಿದ್ದರು. ಓಬಳಪ್ಪನವರು ನೆಲದ ಮೇಲೆ ಕೂತು, ತಲೆ ಎತ್ತದೆ, ತಾಂಬೂಲದ ಚೀಲಗಳಿಗೆ ತೆಂಗಿನಕಾಯಿ ತುಂಬುತ್ತಿದ್ದರು. ಬಡಿಸುವ ಹುಡುಗರು ಹಾಲ್‌ಗೆ ಹೋಗುವ ಮುಂಚೆ ಪ್ರತಿ ಪಾತ್ರೆಯನ್ನೂ ಅಜ್ಜಿಯ ಮುಂದೆ ಹಿಡಿದು ತೋರಿಸಿಕೊಂಡೇ ಹೋಗುತ್ತಿದ್ದರು.

"ಗಂಡಿನ ಕಡೆ ಅಜ್ಜಿ ತುಂಬಾ ಸ್ಟ್ರಿಕ್ಟು," ಎಂದು ಅಡುಗೆಯವರು ಯಮುನಾಳ ಕಿವಿಯಲ್ಲಿ ಹೇಳಿದರು. ಆ ಕಡೆಯಿಂದ ಬಂದ ಗಂಡಿನ ಚಿಕ್ಕಪ್ಪ, "ಹೆಣ್ಣಿನ ಕಡೆಯವರು ಪರವಾಗಿಲ್ಲಪ್ಪ, ಇನ್ನೂ ಉಗ್ರಾಣಕ್ಕೆ ಹಿರಿಯರನ್ನ ಕೂರಿಸ್ತಾರೆ," ಎಂದು ಹೊಗಳಿ, ಅಜ್ಜಿಗೆ ಕೈ ಮುಗಿದು ಹೋದ. ಎರಡು ಕಡೆಯವರಿಗೂ ಅಂಜಿನಮ್ಮನವರು ಇನ್ನೊಂದು ಕಡೆಯವರು. ಮದುವೆ ಮನೆಯಲ್ಲಿ ಯಾರನ್ನೂ ನೀವ್ಯಾರು ಎಂದು ಕೇಳುವಂತಿಲ್ಲ, ಬೀಗರಾಗಿಬಿಟ್ಟರೆ ಗತಿಯೇನು?

ಯಮುನಾ ಅತ್ತೆಯ ತೋಳು ಹಿಡಿಯಲು ಮುಂದಾದಳು. ಅಂಜಿನಮ್ಮನವರು ತಲೆ ಎತ್ತಿ ಅವಳ ಮುಖ ನೋಡಿದರು, ಆಮೇಲೆ ಕೈ ನೋಡಿದರು.

"ಏನಮ್ಮಾ ಇದು, ಕೈಯೆಲ್ಲ ಅನ್ನ? ಊಟದ ಮಧ್ಯ ಎದ್ದು ಬಂದ್ಯಾ?"

"ಹೂಂ."

"ಯಾರು ಕರೆದಿದ್ದು?"

ನೀವೇ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. "ನಮ್ಮತ್ತೆ," ಅಂದಳು ಯಮುನಾ.

"ಉಣ್ಣೋಕೆ ಕೂತವಳನ್ನ ಎಬ್ಬಿಸ್ತಾಳಾ? ಎಂಥಾ ಹೆಂಗಸು ಅವಳು!" ಅಂಜಿನಮ್ಮನವರಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಮುಖ ನೋಡು, ಹೇಗೆ ಬಾಡಿ ಹೋಗಿದೆ. ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ? ಯಾರಲ್ಲಿ! ಈ ಮಗೂಗೆ ಹೊಸ ಎಲೆ ಹಾಕ್ರೋ!"

ಯಮುನಾ ಬೇಡ ಎನ್ನುವುದರೊಳಗೆ ಎಲೆ ಬಿತ್ತು. ಅದೂ ಊಟದ ಹಾಲ್‌ನಲ್ಲಲ್ಲ, ಅಲ್ಲೇ ಉಗ್ರಾಣದ ಎದುರು, ಒಲೆಯ ಪಕ್ಕದಲ್ಲೇ. ಅಂಜಿನಮ್ಮನವರು ಕುರ್ಚಿಯನ್ನು ಎಲೆಯ ಎದುರಿಗೆ ಎಳೆಸಿಕೊಂಡು, ಬೀಗದ ಕೈ ಗೊಂಚಲನ್ನು ಕೈಯಲ್ಲಿ ಹಿಡಿದು ಕಾವಲು ಕೂತರು.

"ಇವಳು ಕೈ ತೊಳೆಯೋವರ್ಗೂ ಯಾರೂ ಕರೀಕೂಡ್ದು. ಆ ಅತ್ತೆ ಬಂದ್ರೆ ನನ್ ಹತ್ರ ಕಳ್ಸಿ, ನಾನು ವಿಚಾರಿಸ್ಕೋತೀನಿ."

ಅನ್ನ ಬಂತು, ಮೊದಲಿಗಿಂತ ಬಿಸಿಯಾಗಿತ್ತು. ಯಮುನಾ ಉಂಡಳು. ಹುಳಿಯಲ್ಲಿ ಉಂಡಳು, ಸಾರಿಗೆ ಬರುವಷ್ಟರಲ್ಲಿ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯತೊಡಗಿತು. ಎಷ್ಟೋ ವರ್ಷಗಳಿಂದ ಕಾದಿದ್ದ ಮಾತನ್ನು ಅತ್ತೆ ಕೊನೆಗೂ ಆಡಿದ್ದರು, ಆಡಿದ್ದು ಯಾರಿಗೆಂದೇ ಅವರಿಗೆ ತಿಳಿದಿರಲಿಲ್ಲ. ಹೊಟ್ಟೆ ಉರಿಯಿತು, ಹೊಟ್ಟೆ ತುಂಬಿತು, ಎರಡೂ ಒಟ್ಟಿಗೇ ಆಯಿತು.

"ಖಾರ ಆಯ್ತಾಮ್ಮ?" ಸಾರಿನವನು ಗಾಬರಿಯಾಗಿ ಕೇಳಿದ.

"ಇಲ್ಲಪ್ಪ. ಇನ್ನೊಂದು ಸೌಟು ಹಾಕು."

ಒಬ್ಬಟ್ಟು ಬಂದಾಗ ಅಂಜಿನಮ್ಮನವರು ಮುಂದಕ್ಕೆ ಬಾಗಿ, ಗುಟ್ಟು ಕೇಳುವವರಂತೆ ಕೇಳಿದರು. "ನಿಮ್ಮತ್ತೆ ಹೆಸರೇನು?"

"ಅಂಜಿನಮ್ಮ."

ಅಂಜಿನಮ್ಮನವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಗೊತ್ತು ಬಿಡು. ಭಾರಿ ಗಯ್ಯಾಳಿ ಅಂತ ಕೇಳಿದೀನಿ."

ಓಬಳಪ್ಪನವರ ಕೈಯಿಂದ ತೆಂಗಿನಕಾಯಿ ಜಾರಿತು. ಯಮುನಾಳಿಗೆ ನಗು ನೆತ್ತಿಗೇರಿ ಕೆಮ್ಮು ಬಂತು. ಅತ್ತೆಯೇ ನೀರಿನ ಲೋಟ ಹಿಡಿದು, ಅವಳ ತಲೆ ತಟ್ಟಿದರು.

"ತುಂಬಾ ಕಾಟ ಕೊಡ್ತಾಳಾ?"

ಯಮುನಾ ಒಬ್ಬಟ್ಟನ್ನು ತುಪ್ಪದಲ್ಲಿ ಹೊರಳಿಸಿದಳು. ಹೇಳಬೇಕಾದ್ದು ಬೇಕಾದಷ್ಟಿತ್ತು, ಕೇಳುವವರು ಇಷ್ಟು ಅಕ್ಕರೆಯಿಂದ ಇನ್ನೆಂದೂ ಕೇಳಲಾರರು.

"ಮೊದ್ಲು ಕೊಡ್ತಿದ್ರು," ಎಂದಳು. "ಈಗೀಗ ಪರವಾಗಿಲ್ಲ. ಕೂರಿಸಿ ಊಟ ಹಾಕಿಸ್ತಾರೆ."

"ಹಾಗಾದ್ರೆ ಸರಿ," ಎಂದು ಅಂಜಿನಮ್ಮನವರು ಸಮಾಧಾನವಾಗಿ ಹಿಂದಕ್ಕೆ ಒರಗಿದರು. "ನಿಧಾನಕ್ಕೆ ತಿನ್ನು. ನಾನಿದೀನಿ."

ಮಜ್ಜಿಗೆ ಅನ್ನ ಮುಗಿಯುವವರೆಗೂ ಯಮುನಾಳನ್ನು ಯಾರೂ ಕರೆಯಲಿಲ್ಲ.