ನ್ಯಾಯಾಧೀಶರ ಫ್ರೇಮು

ಕನ್ನಡಕ ಮುರಿದದ್ದು ಭಾವನ ಬೂಟಿನ ಕೆಳಗೆ. ಅವನೇನೂ ಬೇಕೆಂದು ತುಳಿದಿರಲಿಲ್ಲ. ತಾಲೀಮಿನ ನಡುವೆ ಅವಳು ಕಣ್ಣುಜ್ಜಿಕೊಳ್ಳಲು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದಳು, ಅದು ಜಾರಿ ನೆಲಕ್ಕೆ ಬಿತ್ತು, ಅವನು ಠೀವಿಯಿಂದ ಹಿಂದಕ್ಕೊಂದು ಹೆಜ್ಜೆ ಇಟ್ಟ, ಕಟಕ್ಕೆಂದಿತು. ಆದರೆ ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಅವನು ಭಾವನೇ ಅಲ್ಲ. ಎರಡು ತುಂಡುಗಳನ್ನೂ ಸತ್ತ ಜಿರಳೆಯ ಹಾಗೆ ಬೆರಳ ತುದಿಯಲ್ಲಿ ಎತ್ತಿ ಹಿಡಿದು, "ಆಯ್ತಲ್ಲ, ಇನ್ನಾದ್ರೂ ಮನೇಲಿ ಆರಾಮಾಗಿರು. ನಿನ್ನ ಪಿಸುಮಾತು ಈಗ ಯಾರಿಗೆ ಬೇಕಾಗಿದೆ" ಎಂದ.

ಅವಳು ನಾಟಕ ಕಂಪನಿಯ ಪ್ರಾಂಪ್ಟರ್. ರಂಗದ ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಮಾತು ಮರೆತು ನಿಂತ ನಟರಿಗೆ ಮುಂದಿನ ಮಾತನ್ನು ಪಿಸುಗುಟ್ಟುವುದು ಅವಳ ಕೆಲಸ. ಕಂಪನಿಗೆಲ್ಲ ಅವಳು ಪಿಸುಮಾತಕ್ಕ. ಸ್ವಂತ ಅಕ್ಕ ಅದೇ ಕಂಪನಿಯಲ್ಲಿ ವೇಷದ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದಳು. ಅಕ್ಕನ ಗಂಡ, ಅಂದರೆ ಈ ಭಾವ, ಕಂಪನಿಯ ದೊಡ್ಡ ನಟ. ದೊಡ್ಡವನು ಎಂದು ಮೊದಲು ಹೇಳಿದವನು ಅವನೇ, ಆಮೇಲೆ ಉಳಿದವರಿಗೂ ಅಭ್ಯಾಸವಾಯಿತು.

ನಾಟಕಗಳೆಲ್ಲ ಅವಳಿಗೆ ಬಾಯಿಪಾಠ. ಮಾತು ಓದಲು ಕನ್ನಡಕ ಬೇಕಿರಲಿಲ್ಲ, ಮುಖ ಓದಲು ಬೇಕಿತ್ತು. ನಟ ಸುಮ್ಮನೆ ನಿಂತಾಗ ಮರೆತು ನಿಂತಿದ್ದಾನೋ ಬೇಕೆಂದೇ ನಿಂತಿದ್ದಾನೋ ಎಂಬುದು ಕಣ್ಣಲ್ಲಿ ಕಣ್ಣಿಟ್ಟು ನೋಡಿದರಷ್ಟೇ ಗೊತ್ತಾಗುವ ಸಂಗತಿ. ಹೊತ್ತಲ್ಲದ ಹೊತ್ತಿನಲ್ಲಿ ಪಿಸುಗುಟ್ಟಿದರೆ ಎಂಥ ಒಳ್ಳೆಯ ದೃಶ್ಯವೂ ಎಕ್ಕುಟ್ಟಿ ಹೋಗುತ್ತದೆ. ಕನ್ನಡಕವಿಲ್ಲದೆ ಅವಳಿಗೆ ರಂಗದ ಮೇಲಿನ ಮುಖಗಳೆಲ್ಲ ಹಿಟ್ಟಿನ ಮುದ್ದೆಗಳು.

ಭಾವನ ಹೆಸರುವಾಸಿ ಪಾತ್ರ ನ್ಯಾಯಾಧೀಶನದು. ತೀರ್ಪು ಹೇಳುವ ಮುಂಚೆ ಅವನು ದಪ್ಪ ಕಪ್ಪು ಕನ್ನಡಕ ತೆಗೆದು, ಕರವಸ್ತ್ರದಿಂದ ನಿಧಾನವಾಗಿ ಒರೆಸುತ್ತಾನೆ. ಫ್ರೇಮಿನಲ್ಲಿ ಗಾಜೇ ಇಲ್ಲ. ಆದರೂ ಅವನು ಇಲ್ಲದ ಗಾಜನ್ನು ಒರೆಸುವ ಚೆಂದಕ್ಕೆ ಜನ ಉಸಿರು ಬಿಗಿಹಿಡಿದು ಕೂರುತ್ತಾರೆ, ತೀರ್ಪು ಬಂದ ಮೇಲೆ ಚಪ್ಪಾಳೆ ತಟ್ಟುತ್ತಾರೆ. ಆ ಮೌನ ಅಭಿನಯವಲ್ಲ, ತೀರ್ಪು ಅವನಿಗೆ ಎಂದೂ ನೆನಪಿಗೇ ಬರುವುದಿಲ್ಲ, ಅವಳ ಪಿಸುಮಾತು ಕಿವಿಗೆ ಬೀಳುವವರೆಗೂ ಒರೆಸುತ್ತಿರುತ್ತಾನೆ ಎಂಬುದು ಇಬ್ಬರಿಗಷ್ಟೇ ಗೊತ್ತು. ಅವಳು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅವನಂತೂ ಒಂದು ದಿನವೂ ಅವಳ ಕಡೆ ಕತ್ತು ಹೊರಳಿಸಿದವನಲ್ಲ. ತನಗೆ ತಾನೇ ಒಪ್ಪಿಕೊಳ್ಳುವುದು ಕೂಡ ಅವನಿಗೆ ಬೇಕಿರಲಿಲ್ಲವೇನೋ.

ಅವಳಿಗಿನ್ನು ಕಣ್ಣು ಕಾಣುವುದಿಲ್ಲವೆಂದು ಕಂಪನಿಯ ಮಾಲೀಕನ ಕಿವಿ ಊದಿದ್ದೂ ಅವನೇ. ಮಾಲೀಕ ಸಾಯಂಕಾಲ ಅವಳನ್ನು ಕರೆದು, "ಶನಿವಾರ ಜಡ್ಜ್ ನಾಟಕ. ಅಷ್ಟರೊಳಗೆ ಕನ್ನಡಕ ಹಾಕ್ಕೊಂಡು ಬಂದ್ರೆ ಸ್ಟೂಲ್ ನಿಂದು. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡ, ಆ ಜಾಗಕ್ಕೆ ಒಂದು ಫ್ಯಾನ್ ಇಡ್ತೀವಿ. ಸೆಕೆ ಅಂತ ಎಲ್ರೂ ಗೋಳು ಹೊಯ್ಕೋತಿದಾರೆ" ಎಂದ.

ತನ್ನ ಬದುಕಿಗೂ ಒಂದು ಫ್ಯಾನಿಗೂ ತೂಕ ಹಾಕಿದ್ದು ಕೇಳಿ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮನೆಯಲ್ಲಿ ಅಂಟು ಹಾಕಿ ನೋಡಿದಳು, ದಾರ ಸುತ್ತಿ ನೋಡಿದಳು. ಮುರಿದದ್ದು ಮೂಗಿನ ಮೇಲೆ ಕೂರುವ ಸೇತುವೆ, ತಲೆ ಬಗ್ಗಿಸಿದರೆ ಸಾಕು ಎರಡು ಹೋಳು. ಗಾಜುಗಳಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಮರುದಿನ ಅವನ್ನು ಹತ್ತಿಬಟ್ಟೆಯಲ್ಲಿ ಸುತ್ತಿಕೊಂಡು ಕನ್ನಡಕದಂಗಡಿಗೆ ಹೋದಳು.

"ಈ ಮಾಡೆಲ್ ಈಗ ಬರಲ್ಲಮ್ಮ. ಹೊಸ ಸೆಟ್ ಮಾಡಿಸ್ಕೊಳ್ಳಿ, ಫ್ರೇಮು, ಲೆನ್ಸು, ಎಲ್ಲ ಸೇರಿ," ಎಂದು ಅಂಗಡಿಯವನು ಹೇಳಿದ ರೇಟು ಕೇಳಿ ಅವಳು ಕುರ್ಚಿಯ ಕೈ ಹಿಡಿದುಕೊಂಡಳು.

"ಮುರಿದಿರೋದು ಮೂಗಿನ ಹತ್ರ. ಅದಕ್ಕೆ ಕಣ್ಣೂ ಬದಲಾಯಿಸ್ತೀರಾ?" ಎಂದು ಕೇಳಿದಳು.

ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಸ್ವಲ್ಪ ಮೆತ್ತಗಾದ. "ಒಂದು ಕೆಲಸ ಮಾಡಿ. ಎಲ್ಲಿಂದಾದ್ರೂ ಒಂದು ಗಟ್ಟಿ ಫ್ರೇಮ್ ತನ್ನಿ, ಹಳೇದಾದ್ರೂ ಪರವಾಗಿಲ್ಲ. ನಿಮ್ಮ ಗಾಜಿಗಿಂತ ಒಂಚೂರು ಚಿಕ್ಕದಿರಬೇಕು. ಗಾಜನ್ನ ಉಜ್ಜಿ ಚಿಕ್ಕದು ಮಾಡಬಹುದು, ದೊಡ್ಡದು ಮಾಡಕ್ಕಾಗಲ್ಲ. ಕೂಲಿ ಅಷ್ಟೇ ಕೊಡಿ, ಕೂರಿಸಿಕೊಡ್ತೀನಿ."

ಗಾಜಿಲ್ಲದ ಫ್ರೇಮುಗಳು ರಾಶಿ ಬಿದ್ದಿರುವ ಜಾಗ ಊರಿಗೆಲ್ಲ ಒಂದೇ. ಅವಳು ಸೀದಾ ಅಕ್ಕನ ವೇಷದ ಕೋಣೆಗೆ ನಡೆದಳು.

ಅಕ್ಕ ಪೆಟ್ಟಿಗೆ ತೆರೆದು ಒಂದೊಂದಾಗಿ ಎತ್ತಿ ಕೊಟ್ಟಳು. ಖಳನಾಯಕನ ಚಿನ್ನದ ಬಣ್ಣದ ಫ್ರೇಮಿನಲ್ಲಿ ಗಾಜು ನಿಲ್ಲದೆ ಆಚೆ ಜಾರಿತು. ಮೇಷ್ಟ್ರ ಅರ್ಧಚಂದ್ರದ ಫ್ರೇಮು ತೀರಾ ಸಣ್ಣದು. ಮಿಕ್ಕವು ವಿದೂಷಕನವು, ಒಂದಕ್ಕೆ ರಬ್ಬರ್ ಮೂಗೂ ಅಂಟಿತ್ತು. ಕೊನೆಗೆ ಬೆರಳಿಗೆ ತಾಗಿದ್ದು ದಪ್ಪ ಕಪ್ಪು ಫ್ರೇಮು. ಗಾಜನ್ನು ಅದರ ಮೇಲಿಟ್ಟರೆ ಸುತ್ತಲೂ ಕೂದಲೆಳೆಯಷ್ಟು ಹೆಚ್ಚು.

"ಅದು ಅವರದು ಕಣೆ," ಎಂದಳು ಅಕ್ಕ.

"ಅವರದಲ್ಲ ಅಕ್ಕ, ಕಂಪನಿದು. ನಾನೂ ಕಂಪನಿಯವಳೇ."

ಅಕ್ಕ ಪೆಟ್ಟಿಗೆಯ ಮುಚ್ಚಳವನ್ನು ಅರ್ಧ ಇಳಿಸಿ ಮತ್ತೆ ಎತ್ತಿದಳು. ಗಂಡನ ಸಿಟ್ಟನ್ನು ಹೊಟ್ಟೆಗೆ ಹಾಕಿಕೊಂಡೇ ಅರ್ಧ ಆಯುಷ್ಯ ಕಳೆದವಳು ಅವಳು. ಆಮೇಲೆ ಫ್ರೇಮನ್ನು ಸೆರಗಿನಿಂದ ಒರೆಸಿ ತಂಗಿಯ ಕೈಗಿಟ್ಟಳು. "ಕೇಳಿದ್ರೆ ಅಕ್ಕನೇ ಕೊಟ್ಲು ಅಂತ ಹೇಳು. ಮುರಿದೋರು ಅವರು, ತೆರಬೇಕಾದೋರೂ ಅವರೇ."

ಶನಿವಾರ ಸಂಜೆ ಪಿಸುಮಾತಕ್ಕ ನ್ಯಾಯಾಧೀಶರ ಫ್ರೇಮು ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಸಣ್ಣ ಮುಖದ ಮೇಲೆ ಅದರ ದಪ್ಪ ಅಂಚು ಕಿಟಕಿಯ ಚೌಕಟ್ಟಿನ ಹಾಗಿತ್ತು. ಕಂಪನಿಯ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಅವಳು ಸೊಪ್ಪು ಹಾಕಲಿಲ್ಲ. ಕಪ್ಪು ಗೌನು ತೊಟ್ಟ ಭಾವ ದಡಬಡ ಬಂದು ಕೈ ಚಾಚಿದ.

"ತೆಗಿ ಅದನ್ನ. ನಂದು."

"ಗಾಜು ಕೂರಿಸಿದೀನಿ ಭಾವ. ಹಾಕ್ಕೊಂಡು ಹೋದ್ರೆ ನೀವು ಮುಂದಿನ ಸಾಲಿನೋರ ತೊಡೆ ಮೇಲೆ ಬೀಳ್ತೀರ. ನಿಮ್ಮ ಮೇಜಿನ ಮೇಲೆ ಅಕ್ಕ ಚಿನ್ನದ್ದು ಇಟ್ಟಿದಾಳೆ, ಅದನ್ನ ಹಾಕ್ಕೊಳ್ಳಿ."

"ಖಳನಾಯಕನದ್ದಾ? ನಾನಾ?" ಅವನ ಮೀಸೆ ಕುಣಿಯಿತು. "ನಂಗೆ ಯಾವ ಕನ್ನಡಕಾನೂ ಬೇಡ. ನೀನೂ ಬೇಡ. ಇವತ್ತು ಬಾಯಿ ಹೊಲಿದುಕೊಂಡು ಕೂತಿರು, ಮಾಲೀಕರೂ ನೋಡಲಿ." ಎದುರು ಬದಿಯ ಪರದೆಯ ಹತ್ತಿರ ಮಾಲೀಕ ನಿಂತಿದ್ದು ನಿಜ. ಅವನ ಪಕ್ಕದಲ್ಲಿ ಹೊಸ ಫ್ಯಾನು, ಇನ್ನೂ ಡಬ್ಬಿಯಲ್ಲೇ.

ನಾಟಕ ಸಲೀಸಾಗಿ ಸಾಗಿತು. ತೀರ್ಪಿನ ಹೊತ್ತು ಬಂತು. ಭಾವ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಎಂದಿನ ಗತ್ತಿನಲ್ಲಿ ಕೈಯನ್ನು ಮೂಗಿನ ಹತ್ತಿರ ಒಯ್ದ. ಅಲ್ಲಿ ಏನೂ ಇರಲಿಲ್ಲ. ಇನ್ನೊಂದು ಕೈಯಲ್ಲಿ ಕರವಸ್ತ್ರ ಬಿಡಿಸಿ ಸಿದ್ಧವಾಗಿತ್ತು, ಒರೆಸಲು ಏನೂ ಇರಲಿಲ್ಲ. ಅವನು ಮೂಗನ್ನೇ ಒಮ್ಮೆ ಸವರಿಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಪಿಸುಮಾತಕ್ಕನಿಗೆ ಎಲ್ಲ ಕಾಣುತ್ತಿತ್ತು. ಕಿವಿಯ ಪಕ್ಕ ಬಣ್ಣ ಕರಗಿ ಇಳಿಯುತ್ತಿದ್ದ ಬೆವರು, ಅದುರುವ ಗಲ್ಲ, ಮಾತಿಗಾಗಿ ಒಂದು ಚೂರು ಈ ಕಡೆ ವಾಲಿದ ಕಿವಿ, ಎಲ್ಲ. ಮಾತು ಅವಳ ನಾಲಗೆಯ ತುದಿಯಲ್ಲೇ ಇತ್ತು. ಅವಳು ಕೊಡಲಿಲ್ಲ. ಇಡೀ ನಾಟಕ ತನ್ನ ಕೈಯಿಂದಲೇ ಕೆಡಬಹುದು ಎಂದು ಭಯವಾಯಿತು. ಆದರೆ ಇಷ್ಟು ವರ್ಷ ಕೇಳದೆ ಕೊಟ್ಟದ್ದು ಸಾಕು, ಇವತ್ತು ಕೇಳಿ ಇಸಕೊಳ್ಳಲಿ ಎಂದು ತುಟಿ ಕಚ್ಚಿ ಕೂತಳು.

ಮೌನ ಬೆಳೆಯಿತು. ಮಾಲೀಕ ಎದುರಿನಿಂದ ಒಂದು ಹೆಜ್ಜೆ ಮುಂದೆ ಬಂದ.

ಆಗ ಭಾವ ತಿರುಗಿದ. ತುಂಬಿದ ಸಭೆಯ ಎದುರು ನ್ಯಾಯಾಧೀಶನ ಕುತ್ತಿಗೆ ಪೂರಾ ಹೊರಳಿ, ಅವನ ಕಣ್ಣು ಅವಳ ಕಣ್ಣನ್ನು ಹುಡುಕಿತು. ಅದರಲ್ಲಿ ಗತ್ತಿರಲಿಲ್ಲ. ಪಿಸುಮಾತಕ್ಕ ಫ್ರೇಮನ್ನು ಒಂದು ಬೆರಳಿನಿಂದ ಮೂಗಿನ ಮೇಲಕ್ಕೆ ತಳ್ಳಿದಳು. ಆಮೇಲೆ ಎಂದಿನ ಸಣ್ಣ ದನಿಯಲ್ಲಿ, ಎಂದಿನಷ್ಟೇ ಸ್ಪಷ್ಟವಾಗಿ, ತೀರ್ಪಿನ ಮೊದಲ ಮಾತು ಕೊಟ್ಟಳು. ಅವನು ಹಿಡಿದುಕೊಂಡ. ತೀರ್ಪು ಗುಡುಗಿತು, ಜನ ಚಪ್ಪಾಳೆ ತಟ್ಟಿದರು.

ಪರದೆ ಬಿದ್ದ ಮೇಲೆ ಮಾಲೀಕ ಫ್ಯಾನಿನ ಡಬ್ಬಿ ಎತ್ತಿಕೊಂಡು ಅವಳ ಸ್ಟೂಲಿನ ಹತ್ತಿರ ಬಂದ. "ಇದನ್ನ ನಿನ್ನ ಹಿಂದೆ ಇಟ್ರೆ ಗಾಳಿ ಬರುತ್ತಾ, ಇಲ್ಲ ಪರದೆ ಹಾರುತ್ತಾ?" ಎಂದು ಕೇಳಿದ.

"ಸ್ವಲ್ಪ ಆಚೆ ಇಡಿ," ಎಂದಳು.

ಗೌನು ಕಳಚುತ್ತ ಭಾವ ದೂರದಲ್ಲೇ ನಿಂತಿದ್ದ. ಮಾಲೀಕ ಹೋದ ಮೇಲೆ ಹತ್ತಿರ ಬಂದು, ಅವಳ ಮುಖ ನೋಡದೆ, "ನಾಳೆ ಆಟಕ್ಕೆ ನನ್ನ ಫ್ರೇಮು..." ಎಂದು ಎಳೆದ.

"ನಾಳೆ ಚಿನ್ನದ್ದು ಹಾಕ್ಕೊಳ್ಳಿ ಭಾವ. ಒರೆಸೋಕೆ ಯಾವುದಾದ್ರೇನು," ಎಂದಳು ಪಿಸುಮಾತಕ್ಕ. "ಮಾತು ಬೇಕಾದಾಗ ಈ ಕಡೆ ನೋಡಿ. ಈಗ ನಂಗೆ ಚೆನ್ನಾಗಿ ಕಾಣುತ್ತೆ."