ಅಪ್ಪನ ಜಾಗ

"ಹಲಗೆ ಮೇಲಿಂದ ಕೈ ತೆಗಿ" ಎಂದಳು ಮೇವಿಸ್.

"ನೀನು ಮೊದಲು ತೆಗಿ" ಎಂದಳು ತಂಗಿ ಗ್ವೆಂಡಾ.

ಇಬ್ಬರೂ ಕಪ್ಪು ಕೋಟು ತೊಟ್ಟಿದ್ದರು. ಮಧ್ಯೆ ಅಪ್ಪನ ಅಂಗಡಿಯ ಹಲಗೆಯ ಮೇಲೆ ಇಬ್ಬರ ಚೀಸ್ ಗಡ್ಡೆಗಳೂ ಒಂದನ್ನೊಂದು ತಳ್ಳುತ್ತ ಕೂತಿದ್ದವು. ಆಲ್ಡರ್‌ಸ್ಟೋ ಊರಿಗೆ ಗುರುವಾರದ ಸಂತೆಯ ಹಕ್ಕು ಕೊಟ್ಟ ರಾಜ ಯಾವನೆಂದು ಈಗ ಯಾರಿಗೂ ನೆನಪಿಲ್ಲ. ಅರ್ಧ ಚೌಕ ಕಾರುಗಳ ಪಾಲಾಗಿದೆ. ಉಳಿದರ್ಧದಲ್ಲಿ ಕಾಲುಚೀಲ, ಮೊಬೈಲಿನ ಕವಚ ಮಾರುತ್ತಾರೆ. ಕಟ್ಟಳೆ ಮಾತ್ರ ಹಾಗೇ ಇದೆ. ಹಕ್ಕುದಾರ ಸತ್ತರೆ, ಮುಂದಿನ ಸಂತೆಯ ಗಂಟೆ ಬಾರಿಸಿ ಮುಗಿಯುವಾಗ ಸರಕು ಹರಡಿ ನಿಂತ ಮಗನಿಗೋ ಮಗಳಿಗೋ ಅವನ ಜಾಗ. ಇಬ್ಬರು ನಿಂತಿದ್ದರೆ ಯಾರಿಗೂ ಇಲ್ಲ, ಪುರಸಭೆಗೆ ವಾಪಸ್ಸು.

ಸತ್ತವನು ಅವರಪ್ಪ ಆಲ್ಬನ್ ಪಿಕ್ರಾಫ್ಟ್. ಸಂತೆಯ ದಿನವೇ, ಚೌಕದ ಮೂಲಕವೇ ತನ್ನನ್ನು ಚರ್ಚಿಗೆ ಹೊರಬೇಕೆಂದು ಹೇಳಿ ಹೋಗಿದ್ದ. ಮುದುಕ ಏನು ಅಂದುಕೊಂಡಿದ್ದನೋ.

"ಮಂಜಲ್ಲಿ, ಮಳೇಲಿ ಅವನ ಪಕ್ಕ ನಿಂತವಳು ನಾನು" ಎಂದಳು ಮೇವಿಸ್. "ನೀನು ಕ್ರಿಸ್‌ಮಸ್ಸಿಗೆ ಬಂದು ಚೀಸ್ ಕಟ್ಟಿಸ್ಕೊಂಡು ಹೋಗ್ತಿದ್ದೆ."

"ಹಾಸಿಗೆ ಹಿಡಿದ ಮೇಲೆ ಅವನ ಹೇಲುಚ್ಚೆ ಬಳಿದವಳು ನಾನು. ಆಗ ನೀನು ವಾಸನೆ ಅಂತಿದ್ದೆ, ಅಲ್ವಾ ಅಕ್ಕ?"

ಮಾತು ನಿಜವಾಗಿತ್ತು, ಅದಕ್ಕೇ ಮೇವಿಸ್‌ಗೆ ಉರಿಯಿತು. ಆದರೂ ಒಳಗೊಳಗೆ ಅವಳಿಗೊಂದು ಧೈರ್ಯವಿತ್ತು. ಗ್ವೆಂಡಾ ಅಳುಬುರುಕಿ. ಅಪ್ಪನ ಶವಪೆಟ್ಟಿಗೆ ಕಣ್ಣಿಗೆ ಬಿದ್ದರೆ ಸಾಕು, ಅದರ ಹಿಂದೆ ಓಡುತ್ತಾಳೆ.

ಸಂತೆಯ ಮೇಲ್ವಿಚಾರಕ ಡಗ್‌ಡೇಲ್ ಗಂಟೆ ಹಿಡಿದು ಬಂದ. "ಒಬ್ಬರಾದ್ರೂ ಚರ್ಚಿಗೆ ಹೋಗ್ರಮ್ಮ. ಇಬ್ಬರೂ ನಿಂತ್ರೆ ನನ್ನ ಕೈಲೇನೂ ಇಲ್ಲ."

"ಅವಳಿಗೆ ಹೇಳಿ" ಎಂದರು ಇಬ್ಬರೂ.

ಬೇಕರಿಯ ಮೂಲೆಯಿಂದ ಪೆಟ್ಟಿಗೆ ಬಂತು. ಹೊತ್ತವರೆಲ್ಲ ಕೂಲಿಯವರು. ಸಂತೆಯ ಕೂಗು ನಿಂತಿತು, ವ್ಯಾಪಾರಿಗಳು ಟೋಪಿ ತೆಗೆದರು. ಕಾಯುವಷ್ಟು ಕಾದ ಡಗ್‌ಡೇಲ್ ಗಂಟೆ ಎತ್ತಿ ಬಾರಿಸತೊಡಗಿದ.

"ಹೋಗೇ" ಎಂದಳು ಮೇವಿಸ್. "ಅವನ ಮುದ್ದಿನ ಮಗಳು ನೀನು."

"ದೊಡ್ಡವಳು ನೀನು. ನೀನು ಹೋಗು." ಗ್ವೆಂಡಾಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಕೈ ಮಾತ್ರ ಕದಲಲಿಲ್ಲ.

ಪೆಟ್ಟಿಗೆ ಅಂಗಡಿಯ ಮುಂದೆ ಬಂದಾಗ ಹೊತ್ತವರು ಹೆಜ್ಜೆ ನಿಧಾನಿಸಿದರು, ಯಾರಾದರೂ ಸೇರಿಕೊಳ್ಳಲೆಂದು. ಕೈ ಚಾಚಿದರೆ ಮೇವಿಸ್‌ಗೆ ಪೆಟ್ಟಿಗೆಯ ಮರ ಸಿಗುತ್ತಿತ್ತು. ಚಾಚಲು ಕೈಯನ್ನು ಹಲಗೆಯಿಂದ ಬಿಡಿಸಿಕೊಳ್ಳಬೇಕಿತ್ತು. ಅವಳು ತಂಗಿಯ ಬೆರಳುಗಳನ್ನೇ ನೋಡಿದಳು.

ಹೊತ್ತವರು ಮುಂದೆ ನಡೆದರು. ಎದುರು ಸಾಲಿನಲ್ಲಿ ಕಾಲುಚೀಲ ಮಾರುತ್ತಿದ್ದವನು, ಆಲ್ಬನ್‌ನ ಮುಖಪರಿಚಯವಷ್ಟೇ ಇದ್ದವನು, ಅತ್ತಿತ್ತ ನೋಡಿದ. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು ಪೆಟ್ಟಿಗೆಯ ಹಿಂದೆ ಹೊರಟ.

ಗಂಟೆ ನಿಂತಿತು.

"ಆಯ್ತು" ಎಂದ ಡಗ್‌ಡೇಲ್, ಯಾರ ಮುಖವನ್ನೂ ನೋಡದೆ. "ಜಾಗ ಖಾಲಿ ಮಾಡಿ."

ಚರ್ಚಿನ ಬಾಗಿಲು ಮುಚ್ಚಿದ ಸದ್ದು ಚೌಕಕ್ಕೆಲ್ಲ ಕೇಳಿಸಿತು. ಅಕ್ಕತಂಗಿಯರು ಚೀಸ್ ಗಡ್ಡೆಗಳನ್ನು ಬೇರ್ಪಡಿಸತೊಡಗಿದರು, ಒಬ್ಬಳದು ಇನ್ನೊಬ್ಬಳ ಬುಟ್ಟಿಗೆ ಹೋಗದಂತೆ ಕಣ್ಣಿಟ್ಟು.