ಜೀಪ್ ಡ್ರೈವರನ ಹೇಳಿಕೆ

“ಟೆಂಪೊ ಹಿಂದಕ್ಕೆ ಬಂದು ನಿಮ್ಮ ಜೀಪಿಗೆ ಗುದ್ದಲು ನೋಡಿತು, ಜೀವ ಉಳಿಸಿಕೊಳ್ಳಲು ಫೌಜದಾರರು ಗುಂಡು ಹಾರಿಸಿದರು ಅಂತ ಇಲ್ಲಿ ಬರೆದಿದೆ. ಜೀಪು ಓಡಿಸಿದವರು ನೀವು. ಇದು ಹೌದೇ?”

ಆಳಂದದ ಪ್ರವಾಸಿ ಮಂದಿರದಲ್ಲಿ ವಿಚಾರಣೆಗೆ ಕುಳಿತಿದ್ದ ಎಸಿ ಸಾಹೇಬರು ಕಾಗದದಿಂದ ತಲೆಯೆತ್ತಿದರು. ಪೊಲೀಸ್ ಡ್ರೈವರ್ ಭೀಮಶಾ ಟೋಪಿಯನ್ನು ಕಂಕುಳಲ್ಲಿ ಹಿಡಿದು ನಿಂತಿದ್ದ. ತೆರೆದ ಕಿಟಕಿಯಾಚೆ ಬೇವಿನ ನೆರಳಲ್ಲಿ ಠಾಣೆಯ ಫೌಜದಾರರು ಸಿಗರೇಟು ಸೇದುತ್ತಿದ್ದರು.

ಗುಂಡು ಹಾರಿದ್ದು ಎಂಬತ್ತಾರರ ದೀಪಾವಳಿ ಮುಗಿದ ವಾರ. ಸೊಲ್ಲಾಪುರದ ಕಡೆಯಿಂದ ಕಳ್ಳ ಸಾರಾಯಿ ಬರುತ್ತದೆಂಬ ಸುದ್ದಿಯ ಮೇಲೆ ಮಟಕಿ ಊರಿನ ದಾರಿಯಲ್ಲಿ ಗಾಡಿಗಳನ್ನು ತಡೆದು ನೋಡುತ್ತಿದ್ದರು. ನಡುಮಧ್ಯಾಹ್ನ ಒಂದು ಟೆಂಪೊ ಕೈ ಮಾಡಿದರೂ ನಿಲ್ಲಲಿಲ್ಲ.

“ಬಿಡಬ್ಯಾಡ ಭೀಮಶಾ, ಹತ್ರ ಒಯ್ಯಿ,” ಎಂದರು ಫೌಜದಾರರು.

ಭೀಮಶಾ ಒಯ್ದ. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದ ಕೈ. ಆ ಧೂಳಿನಲ್ಲೂ ಜೀಪನ್ನು ಅಲುಗಾಡದಂತೆ ಹತ್ತು ಮಾರು ಹಿಂದೆಯೇ ಹಿಡಿದ. ಎರಡು ಗುಂಡು ಹಾರಿದವು. ಟೆಂಪೊ ತೊಗರಿ ಹೊಲಕ್ಕಿಳಿದು ನಿಂತಿತು. ಸಾರಾಯಿ ಇರಲಿಲ್ಲ, ನಾಲ್ಕಾರು ಚೀಲ ಉಳ್ಳಾಗಡ್ಡಿ ಇತ್ತು. ಮಾದನಹಿಪ್ಪರಗಾದ ಹುಸೇನಪೀರ ಪರ್ಮಿಟ್ ಮುಗಿದ ಗಾಡಿಯನ್ನು ಹಿಡಿದಾರೆಂದು ಹೆದರಿ ಓಡಿಸಿದ್ದ. ಗುಂಡು ಬೆನ್ನಿಗೆ ಬಿದ್ದಿತ್ತು.

ವಿಚಾರಣೆಯ ಹಿಂದಿನ ಸಂಜೆ ಠಾಣೆಯ ಜಮಾದಾರ ಜಗದೇವಪ್ಪ ಭೀಮಶಾನ ಮನೆಗೆ ಬಂದಿದ್ದ.

“ಸಾಹೇಬ್ರು ಬರೆಸಿದ್ದಕ್ಕ ಹೌದಂದು ಬಿಡು. ಸತ್ತಾವ ತಿರುಗಿ ಬರಂಗಿಲ್ಲ. ನಿಂದು ಸರ್ವೀಸ್ ಇನ್ನಾ ಆರು ವರ್ಷ ಅದ.”

ಚಹಾ ಕೊಟ್ಟು ಒಳಗೆ ಹೋಗಿದ್ದ ಹೆಂಡತಿ ಸಕ್ಕುಬಾಯಿ, ಅವನು ಹೋದ ಮೇಲೆ ಒಂದೇ ಮಾತು ಕೇಳಿದಳು. “ಗಾಡಿ ಹಿಂದಕ್ಕ ಬಂದಿತ್ತೇನ್ರಿ?”

ಭೀಮಶಾ ಊಟಕ್ಕೆ ಕುಳಿತು ಅರ್ಧಕ್ಕೇ ಎದ್ದಿದ್ದ.

“ಇಲ್ರಿ,” ಎಂದ ಈಗ ಎಸಿ ಸಾಹೇಬರಿಗೆ. “ಹಿಂದಕ್ಕ ಬರಲಿಲ್ರಿ. ಮುಂದ ಹೊಂಟಿತ್ತು.”

ಹೇಳಿಕೆ ಬರೆದುಕೊಳ್ಳುತ್ತಿದ್ದ ಗುಮಾಸ್ತನ ಪೆನ್ನು ನಿಂತಿತು.

“ಹತ್ರ ಒಯ್ದಾವ ನಾನ. ಹೊಡದವ್ರು ಅವ್ರು. ಹಂಗ ಬರೀರಿ.”

ಸಹಿ ಮಾಡಿ ಹೊರಬಂದಾಗ ಫೌಜದಾರರು ಕೈ ಚಾಚಿದರು. ಭೀಮಶಾ ಜೀಪಿನ ಕೀಲಿ ಕೊಟ್ಟ. ಅವರು ತಾವೇ ಜೀಪು ಓಡಿಸಿಕೊಂಡು ಹೋದರು.

ಜಗಲಿಯ ಬೆಂಚಿನ ಮೇಲೆ ಹುಸೇನಪೀರನ ಹೆಂಡತಿ ನಜಮುನ್ನಿಸಾ ಕುಳಿತಿದ್ದಳು. ಅವನನ್ನು ನೋಡಿ ಎದ್ದಳು.

“ಅಣ್ಣಾರ, ಜೀವ ಹೋಗೂ ಮುಂದ ಅವ್ರು ಏನರ ಅಂದ್ರೇನ್ರಿ?”

“ಇಂಜಿನ್ ಬಂದ್ ಮಾಡ್ರಿ ಅಂದ್ರವ್ವಾ. ಬೆಂಕಿ ಹತ್ತೀತು ಅಂತ.”

“ಯಾರು ಮಾಡಿದ್ರು?”

“ನಾನ ಮಾಡಿದೆ.”

ಅವಳು ಅವನ ಖಾಕಿ ಅಂಗಿಯನ್ನೇ ನೋಡಿದಳು. “ಬೆನ್ನ ಹತ್ತಿದ ಜೀಪು ಯಾರು ನಡಸಾಕತ್ತಿದ್ರು?”

“ಅದೂ ನಾನ ಅವ್ವಾ.”

ಅವಳು ಬಸ್ ನಿಲ್ದಾಣದ ಕಡೆ ನಡೆದಳು. ಜೀಪಿಲ್ಲದ ಭೀಮಶಾ ಊರಿಗೆ ಮರಳಬೇಕಾದದ್ದೂ ಅದೇ ಬಸ್ಸಿನಲ್ಲಿ. ದೂರ ಬಿಟ್ಟು ಹಿಂದೆ ನಡೆದ.

ಬಸ್ಸು ತುಂಬಿತ್ತು. ನಜಮುನ್ನಿಸಾಳ ಪಕ್ಕದ ಸೀಟೊಂದೇ ಖಾಲಿ. ಅದರ ಮೇಲಿಟ್ಟಿದ್ದ ಚೀಲವನ್ನು ಅವಳು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯತ್ತ ಮುಖ ತಿರುಗಿಸಿದಳು.

“ಜಾಗ ಅದಲ್ರಿ, ಕೂಡ್ರಿ,” ಎಂದ ಕಂಡಕ್ಟರ್.

ಬಸ್ಸು ಊರು ದಾಟಿತು. ಭೀಮಶಾ ಮೇಲಿನ ಕಂಬಿ ಹಿಡಿದು ನಿಂತೇ ಇದ್ದ.